ತಾಮ್ರದ ಅಚ್ಚು – ಹನ್ನೊಂದನೆಯ ಕಂತು

“ಮುಟ್ಟಬೇಡಿ! ಕಣ್ಣಲ್ಲೇ ನೋಡಿ.”

ಮೇಜಿನ ಆ ಬದಿಯಿಂದ ಕುಮೆ ಡಾಕ್ಟರು ಗದರಿದರು. ಚಿಗುಸಾ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅವಳ ಹಿಂದೆ ಸಾಲಿನಲ್ಲಿ ನಿಂತಿದ್ದ ಗಂಡಸರೆಲ್ಲ, ಇವಳು ಯಾರದೋ ತೊಟ್ಟಿಲ ಕೂಸನ್ನು ಚಿವುಟಿಬಿಟ್ಟಳು ಎಂಬಂತೆ ಮುಖ ಸಿಂಡರಿಸಿದರು.

ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದೊಳಗೆ ಇನಾಬಿಕಾರಿ ನಿಂತಿದ್ದ. ಐವತ್ತು ವರ್ಷದ ಹಿಂದೆ ಟೀವಿಯಲ್ಲಿ ಬಂದು ಒಂದು ತಲೆಮಾರಿನ ಹುಡುಗರ ತಲೆ ಕೆಡಿಸಿದ್ದ ಮಿಂಚಿನ ವೀರ. ಈಗ ಅಂಗೈಗಿಂತ ಸ್ವಲ್ಪ ಎತ್ತರದ ಮೆತ್ತನೆಯ ವಿನೈಲ್ ಗೊಂಬೆ. ಚೀಲದ ಬಾಯಿಗೆ ಬಣ್ಣದ ರಟ್ಟು ಮಡಚಿ ಪಿನ್ ಹೊಡೆದಿತ್ತು. ಆ ಪಿನ್ ಕಿತ್ತರೆ ಮುಗಿಯಿತು, ಸಂಗ್ರಹಕಾರರ ಲೋಕದಲ್ಲಿ ಬಿಚ್ಚಿದ ಚೀಲಕ್ಕೆ ಮೂರು ಕಾಸಿನ ಮರ್ಯಾದೆ ಇಲ್ಲ.

ಟೋಕಿಯೋದ ಅಸಾಕುಸಾದಲ್ಲಿ ಭಾನುವಾರ ಬೆಳಗಿನ ಹಳೆ ಗೊಂಬೆಗಳ ಮೇಳ. ಎರಡನೇ ಮಹಡಿಯ ಸಭಾಂಗಣದ ತುಂಬ ತಲೆ ನರೆತ ಹುಡುಗರು. ಕೆಂಪು ಬೆಲ್ಟಿನ ಇನಾಬಿಕಾರಿ ಮೊದಲ ಸರದಿಯವನು, ಬೆಳ್ಳಿ ಬೆಲ್ಟಿನವನು ಎರಡನೆಯವನು. ಆಮೇಲೆ ಬಂದವನು ಪಾರದರ್ಶಕ ನೀಲಿಯವನು, ಅವನ ಹಿಂದೆ ಕತ್ತಲಲ್ಲಿ ಹೊಳೆಯುವವನು. ಒಂದೇ ಗೊಂಬೆಗೆ ಇಷ್ಟೊಂದು ಅವತಾರ, ಎಲ್ಲವನ್ನೂ ಕೂಡಿಹಾಕದೆ ಈ ಮಹರಾಯರಿಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ.

ಚಿಗುಸಾಳಿಗೆ ಬೇಕಾಗಿದ್ದದ್ದು ಗೊಂಬೆಯಲ್ಲ, ತಮ್ಮ.

ಅವಳ ತಮ್ಮ ಇಸಾಮು ಜೈಲು ಸೇರಿ ಎಂಟು ವರ್ಷವಾಗಿತ್ತು. ತನಗೆ ಗೊಂಬೆ ಎರೆಯಲು ಕಲಿಸಿದ ಗುರು ಕಾದೊಕುರಾ ಅವರನ್ನು ಕಾರ್ಖಾನೆಯೊಳಗೆ ಕೂಡಿ, ಹೊರಗಿನಿಂದ ಚಿಲಕ ಹಾಕಿ, ಬೆಂಕಿಯಿಟ್ಟು ಕೊಂದ ಎಂಬ ಆಪಾದನೆ. ಇನಾಬಿಕಾರಿಯ ಮೂಲ ಅಚ್ಚನ್ನು ಕದ್ದು ಅರಕಾವಾ ನದಿಗೆ ಎಸೆದೆ ಎಂದು ಅವನೇ ಪೊಲೀಸರ ಮುಂದೆ ಒಪ್ಪಿಕೊಂಡಿದ್ದ. ಮುಳುಗುಗಾರರು ನದಿಯ ಕೆಸರನ್ನೆಲ್ಲ ಜಾಲಾಡಿದರೂ ಅಚ್ಚು ಸಿಗಲಿಲ್ಲ. ನ್ಯಾಯಾಲಯ ಮಾತ್ರ ಅವನ ಮಾತನ್ನೇ ನಂಬಿತು.

ನಾಳೆ ಮರುವಿಚಾರಣೆಯ ಕೊನೆಯ ಅರ್ಜಿ ಸಲ್ಲಬೇಕು. ಹೊಸ ಸಾಕ್ಷ್ಯವಿಲ್ಲದಿದ್ದರೆ ಅದನ್ನೂ ಬಾಗಿಲಲ್ಲೇ ಹಿಂದಿರುಗಿಸುತ್ತಾರೆ. ವಿಮಾ ಕಂಪನಿಗಳಿಗಾಗಿ ಇಪ್ಪತ್ತು ವರ್ಷ ಊರವರ ಮನೆಯ ಬೆಂಕಿಗಳ ಮೂಲ ಹುಡುಕಿಕೊಟ್ಟ ಚಿಗುಸಾಳಿಗೆ ತನ್ನ ಮನೆಯವರ ಬದುಕು ಸುಟ್ಟ ಬೆಂಕಿಯ ಬುಡ ಸಿಕ್ಕಿರಲಿಲ್ಲ. ಇತ್ತೀಚೆಗೆ ಅವಳಿಗೆ ಆಸೆ ಎಂಬುದೇ ಒಂದು ರೋಗವೆನಿಸತೊಡಗಿತ್ತು.

ಆದರೂ ಬಂದಿದ್ದಳು. ಹಲ್ಲಿನ ಡಾಕ್ಟರಾಗಿ ನಿವೃತ್ತರಾದ ಕುಮೆ ತಮ್ಮ ಹಳೆ ಕ್ಲಿನಿಕ್ಕಿನಲ್ಲೇ ಗೊಂಬೆ ಎರೆದು ಮಾರುತ್ತಾರೆ, ಅವು ವಿಚಿತ್ರವಾಗಿ ಚೆನ್ನಾಗಿವೆ ಎಂದು ಯಾರೋ ಅವಳ ಕಿವಿಗೆ ಹಾಕಿದ್ದರು.

“ಡಾಕ್ಟ್ರೇ, ಫುಕ್ಕೊಕು ತುಂಬ ಚೆನ್ನಾಗಿ ಬಂದಿದೆ,” ಎಂದಳು, ಸುಮ್ಮನೆ ಮಾತಿಗೆಳೆಯಲು. “ಕಂಪನಿಯವರು ಹೋದ ವರ್ಷ ತಂದ ಫುಕ್ಕೊಕುಗಿಂತ ನಿಮ್ಮದೇ ವಾಸಿ.”

ಕುಮೆಯವರ ಕಿವಿ ಕೆಂಪಾಯಿತು.

“ಫುಕ್ಕೊಕು ಅಂತ ಯಾರ್ರೀ ಹೇಳಿದ್ದು? ಕಂಪನಿಯವರ ಆ ಕುಳ್ಳನ ಜೊತೆಗೆ ಇದನ್ನ ಸೇರಿಸ್ತೀರಾ? ಇದು ಸೈಹಾನ್!”

ಹೇಳಿಬಿಟ್ಟರು. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡರು. ಪಕ್ಕದ ಮೇಜಿನವನು ಗೊಂಬೆ ಒರೆಸುವುದನ್ನು ನಿಲ್ಲಿಸಿ ಇತ್ತ ತಿರುಗಿದ.

ಹೊರಗಿನವರಿಗೆ ಎರಡೂ ಒಂದೇ, ಹಳೆಯದು ಮತ್ತೆ ಬಂತು ಅಷ್ಟೆ. ಈ ಜನಕ್ಕೆ ಹಾಗಲ್ಲ. ಹಳೆಯ ಗೊಂಬೆಯನ್ನು ಮುಂದಿಟ್ಟುಕೊಂಡು ಹೊಸ ಅಚ್ಚು ತೆಗೆದು ಮಾಡಿದ್ದು ಫುಕ್ಕೊಕು. ಹಳೆಯ ಅಚ್ಚಿನಲ್ಲೇ ಮತ್ತೆ ಎರೆದದ್ದು ಸೈಹಾನ್. ಬೇರೆ ಕಳ್ಳನಾಗಿದ್ದರೆ ಫುಕ್ಕೊಕು ಎಂದು ತಲೆಯಾಡಿಸಿ ಸುಮ್ಮನಾಗುತ್ತಿದ್ದ. ಕುಮೆ ಸಂಗ್ರಹಕಾರರು. ಮೂಲ ಅಚ್ಚಿನಲ್ಲಿ ಹುಟ್ಟಿದ ಕೂಸನ್ನು ನಕಲಿ ಎಂದು ಕರೆಸಿಕೊಳ್ಳುವುದು ಅವರಿಂದ ಆಗಲಿಲ್ಲ.

“ಸೈಹಾನ್ ಅಂದ್ರಾ, ಡಾಕ್ಟ್ರೇ?”

“ಅಂದ್ರೆ... ನೋಡೋಕೆ ಹಾಗಿದೆ ಅಂತ. ಬಾಯಿ ತಪ್ಪಿ ಬಂತು. ಚೀಟಿ ಎತ್ತಿ, ಚೀಟಿ ಎತ್ತಿ, ಹಿಂದೆ ಜನ ಕಾಯ್ತಿದಾರೆ.”

ಗೊಂಬೆಗಳು ಕಡಿಮೆ, ಆಸೆಬುರುಕರು ಹೆಚ್ಚು. ಹಾಗಾಗಿ ಡಬ್ಬಿಯಲ್ಲಿ ಕೈಹಾಕಿ ಚುಕ್ಕೆಯಿರುವ ಚೀಟಿ ಎತ್ತಿದವರಿಗಷ್ಟೇ ಕೊಳ್ಳುವ ಭಾಗ್ಯ. ಚಿಗುಸಾ ಎತ್ತಿದ ಚೀಟಿಯಲ್ಲಿ ಕೆಂಪು ಚುಕ್ಕೆಯಿತ್ತು. ಹಿಂದಿನಿಂದ ಒಂದು ನಿಟ್ಟುಸಿರು ಕೇಳಿಸಿತು. ಬದುಕಿನಲ್ಲಿ ಒಂದಕ್ಕೂ ಕೂಡಿಬರದ ಅದೃಷ್ಟ ಇದಕ್ಕೆ ಬಂತಲ್ಲ ಎಂದು ಅವಳಿಗೆ ಅಳು ಬಂದಂತಾಯಿತು.

ಹಣ ಕೊಟ್ಟಳು, ಚೀಲ ತೆಗೆದುಕೊಂಡಳು, ಅಲ್ಲೇ ನಿಂತು ಉಗುರು ತೂರಿಸಿ ಪಿನ್ ಕಿತ್ತಳು.

“ಅಯ್ಯಯ್ಯೋ! ಏನ್ರೀ ಮಾಡ್ತಿದೀರಾ!” ಸಾಲಿನಲ್ಲಿದ್ದ ದಪ್ಪ ಕನ್ನಡಕದವನು ಕೂಗಿದ. “ತಲೆ ನೆಟ್ಟಗಿದೆಯಾ ನಿಮಗೆ? ಬೇಡ ಅಂದಿದ್ರೆ ನನಗೆ ಕೊಡಬಾರದಿತ್ತಾ?”

ಅವಳು ಕಿವಿಗೊಡಲಿಲ್ಲ. ಕೈಚೀಲದಿಂದ ಇನ್ನೆರಡು ಇನಾಬಿಕಾರಿಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಒಂದು, ಮೂಲದ್ದು. ಇಸಾಮು ಚಿಕ್ಕವನಿದ್ದಾಗ ಬಚ್ಚಲಲ್ಲೂ ಬಿಡದೆ ಆಡಿ ಎಡಗೈ ಕಳೆದಿದ್ದ ಗೊಂಬೆ. ಇನ್ನೊಂದು ಕಂಪನಿಯವರ ಫುಕ್ಕೊಕು. ಎರಡರ ನಡುವೆ ಕುಮೆಯವರದನ್ನು ನಿಲ್ಲಿಸಿದಳು.

ಕಂಪನಿಯ ಗೊಂಬೆ ಮೂಲದವನಿಗಿಂತ ಒಂದು ಉಗುರಿನಷ್ಟು ಕುಳ್ಳ. ಗೊಂಬೆಯಿಂದ ಅಚ್ಚು ತೆಗೆದು ಮತ್ತೆ ಗೊಂಬೆ ಎರೆದರೆ ವಿನೈಲ್ ಆರುವಾಗ ಮೈ ಎರಡನೇ ಸಲ ಕುಗ್ಗುತ್ತದೆ. ಎಂಥ ಕುಶಲಿಯಾದರೂ ಆ ಕುಗ್ಗುವಿಕೆಯನ್ನು ಮುಚ್ಚಿಡಲಾರ.

ಕುಮೆಯವರ ಇನಾಬಿಕಾರಿ, ಇಸಾಮುವಿನ ಮುರುಕು ಇನಾಬಿಕಾರಿಯ ಹೆಗಲಿಗೆ ಹೆಗಲು ಕೊಟ್ಟು ನಿಂತ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

“ನದೀಲಿರೋ ಅಚ್ಚಿಂದ ಇವನು ಹ್ಯಾಗೆ ಎದ್ದು ಬಂದ, ಡಾಕ್ಟ್ರೇ?”

ಕುಮೆ ಮೇಜಿನ ಬಟ್ಟೆಯ ನಾಲ್ಕು ಮೂಲೆ ಎತ್ತಿ ಎಲ್ಲವನ್ನೂ ಗಂಟು ಕಟ್ಟತೊಡಗಿದರು. ಸಾಲಿನವರು ಗೊಣಗಿದರು. ಡಾಕ್ಟರ ವಯಸ್ಸಾದ ಕೈ ನಡುಗುತ್ತಿತ್ತು.

“ನೀವು ಇಸಾಮು ಅಕ್ಕ, ಚಿಗುಸಾ ಅಲ್ವಾ? ನನ್ನ ಕ್ಲಿನಿಕ್ಕಿಗೆ ಬನ್ನಿ,” ಎಂದರು ಸಣ್ಣ ದನಿಯಲ್ಲಿ. “ಇವರ ಮುಂದೆ ಬೇಡ. ದಮ್ಮಯ್ಯ.”

ನಗರದ ಪೂರ್ವ ತುದಿಯ ತಾತೆಯಿಶಿಯ ಅಂಗಡಿ ಬೀದಿಯಲ್ಲಿ ಅರ್ಧಕ್ಕರ್ಧ ಬಾಗಿಲು ಎಳೆದಿದ್ದವು. ಕರುಳಿನ ಸಾರು ಕುದಿಯುವ ವಾಸನೆ ದಾಟಿ, ಬೋರ್ಡಿನ ಅಕ್ಷರ ಮಾಸಿದ ದಂತ ಚಿಕಿತ್ಸಾಲಯದೊಳಗೆ ಇಬ್ಬರೂ ಚಪ್ಪಲಿ ಬಿಟ್ಟು ಹೋದರು.

ರೋಗಿಗಳು ಕೂರುತ್ತಿದ್ದ ಕುರ್ಚಿ ಇನ್ನೂ ಇತ್ತು. ಅದರ ಪಕ್ಕ ಎಣ್ಣೆ ಕಾಯಿಸುವ ದೊಡ್ಡ ಪಾತ್ರೆ. ಅಚ್ಚಿಗೆ ವಿನೈಲ್ ಹೊಯ್ದು ಕಾದ ಎಣ್ಣೆಯಲ್ಲಿ ಅದ್ದಬೇಕು, ಬಿಸಿ ಆರುವ ಮುನ್ನ ಇಕ್ಕಳ ಹಾಕಿ ಗೊಂಬೆಯನ್ನು ಎಳೆಯಬೇಕು. ಕುಮೆಯವರು ಇದಕ್ಕೂ ಹಲ್ಲು ಕೀಳುವ ಇಕ್ಕಳವನ್ನೇ ಬಳಸುತ್ತಿದ್ದರು. ಬೇರೆ ದಿನವಾಗಿದ್ದರೆ ಚಿಗುಸಾ ನಕ್ಕುಬಿಡುತ್ತಿದ್ದಳು.

ಅವರು ಔಷಧದ ಬೀರುವಿನಿಂದ ಒಂದು ಗಂಟು ತೆಗೆದು ಅವಳ ಮುಂದೆ ಬಿಚ್ಚಿದರು. ತಾಮ್ರದ ಅಚ್ಚು. ತಲೆ, ಮುಂಡ, ಕೈ, ಕಾಲು, ಬಿಡಿ ಬಿಡಿ ತುಂಡುಗಳು. ಒಳಗೆ ಬೆರಳಿಟ್ಟರೆ ಮಿಂಚಿನ ವೀರನ ಮೂಗು ತಗಲುತ್ತಿತ್ತು.

ಚಿಗುಸಾ ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದಳು. ಕಾರ್ಖಾನೆಯೇ ಬೂದಿಯಾದ ಬೆಂಕಿ ಅದು. ಅದರಲ್ಲಿ ಬಿದ್ದಿದ್ದರೆ ತಾಮ್ರ ಕಪ್ಪಾಗಿ ಹೊಪ್ಪಳೆ ಏಳಬೇಕಿತ್ತು, ತೆಳ್ಳನೆಯ ಅಂಚು ಸೊಟ್ಟಗಾಗಬೇಕಿತ್ತು. ಇದಕ್ಕೆ ಬೆಂಕಿ ಸೋಕಿಯೇ ಇರಲಿಲ್ಲ. ನೀರಿನಲ್ಲಿ ಬಿದ್ದ ಗುರುತಂತೂ ಹುಡುಕಿದರೂ ಇಲ್ಲ.

ಅಂದರೆ ಬೆಂಕಿ ಹತ್ತುವ ಮೊದಲೇ ಅಚ್ಚು ಆಚೆ ಬಂದಿತ್ತು. ನದಿಗೆ ಎಸೆದೆ ಎಂದು ಇಸಾಮು ಒಪ್ಪಿಕೊಂಡದ್ದು ಸುಳ್ಳು. ನಾಳೆಯ ಅರ್ಜಿಗೆ ಬೇಕಾದ ಹೊಸ ಸಾಕ್ಷ್ಯ ಅವಳ ಮಡಿಲಲ್ಲಿತ್ತು. ಅವಳು ಕಣ್ಣು ಮುಚ್ಚಿಕೊಂಡಳು. ಇಷ್ಟು ವರ್ಷದಲ್ಲಿ ಎದೆಗೆ ಗಾಳಿ ಹೊಕ್ಕಿದ್ದು ಆಗಲೇ.

“ನೀವು ಕದ್ದಿರಿ,” ಎಂದಳು ಕಣ್ಣು ತೆರೆದು.

“ನಾನಲ್ಲ.”

“ಮತ್ತೆ ಇದಕ್ಕೆ ಕಾಲು ಬಂತಾ?”

“ನಿಮ್ಮ ಹತ್ರ ಇಟ್ಕೊಳ್ಳಿ ಅಂತ ತಂದುಕೊಟ್ರು. ಇಟ್ಕೊಂಡೆ. ಕೊಲೆಗೂ ನನಗೂ ಸಂಬಂಧ ಇಲ್ಲ ಕಣಮ್ಮ, ನನ್ನಾಣೆ.”

“ನನ್ನ ತಮ್ಮ ಒಳಗೆ ಕೊಳೀತಿದಾನೆ ಅಂತ ಗೊತ್ತಿತ್ತಲ್ಲ?”

ಕುಮೆ ತಲೆ ತಗ್ಗಿಸಿದರು.

“ಪೊಲೀಸರಿಗೆ ಹೇಳಿದ್ರೆ ಅಚ್ಚು ತಗೊಂಡು ಹೋಗಿ ಯಾವುದೋ ಕಪಾಟಲ್ಲಿ ಬಿಸಾಕೋರು. ಇದು ಒಂದೇ ಇರೋದು, ಚಿಗುಸಾ-ಸಾನ್. ಲೋಕದಲ್ಲಿ ಇನ್ನೊಂದಿಲ್ಲ.”

“ನನಗೂ ತಮ್ಮ ಒಬ್ಬನೇ ಇರೋದು!” ಚಿಗುಸಾ ಎದ್ದು ನಿಂತಳು. “ಅವನ ಕೂದಲು ಪೂರ್ತಿ ಬಿಳಿಯಾಗಿದೆ, ಗೊತ್ತಾ? ನಲವತ್ತು ದಾಟಿಲ್ಲ. ಗಾಜಿನ ಆಚೆ ಕೂತ್ಕೊಂಡು, ಊಟ ಆಯ್ತಾ ಅಕ್ಕ ಅಂತ ನನ್ನನ್ನ ಕೇಳ್ತಾನೆ. ನೀವು ಇಲ್ಲಿ ಬೆಲ್ಟಿಗೆ ಯಾವ ಬಣ್ಣ ಹೊಂದುತ್ತೆ ಅಂತ ಯೋಚನೆ ಮಾಡ್ತಾ ಕೂತಿದ್ರಿ! ಥೂ, ನಿಮ್ಮ ಜನ್ಮಕ್ಕೆ!”

ಡಾಕ್ಟರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಅಚ್ಚು ಹೊತ್ಕೊಂಡು ಹೋದೋರೇ ಹೊರಗಿಂದ ಚಿಲಕ ಹಾಕಿರೋದು,” ಎಂದಳು ಚಿಗುಸಾ. “ಆ ಚಿಲಕ ಇಲ್ದಿದ್ರೆ ಕಾದೊಕುರಾ ಮೇಷ್ಟ್ರು ಓಡಿ ಬಂದು ಬದುಕ್ತಿದ್ರು. ಆ ಚಿಲಕದ ಮೇಲೇ ನನ್ನ ತಮ್ಮನಿಗೆ ಶಿಕ್ಷೆ ಆಗಿರೋದು. ಹೆಸರು ಹೇಳಿ.”

“ಬೇಡ.”

“ಯಾರ ಹೆದರಿಕೆ ನಿಮಗೆ?”

“ಹೆದರಿಕೆ ನನಗಲ್ಲ. ನಿಮಗೋಸ್ಕರ ಹೇಳ್ತಿದೀನಿ. ಅಚ್ಚು ತಗೊಂಡು ಹೋಗಿ, ನಾನು ತಡೆಯಲ್ಲ. ಎಲ್ಲಿ ಸಿಕ್ತು ಅಂದ್ರೆ ನನ್ನ ಹೆಸರೇ ಹೇಳಿ. ಕದ್ದೋನು ನಾನೇ ಅನ್ನಿ. ಅಷ್ಟಕ್ಕೆ ನಿಲ್ಲಿಸಿಬಿಡಿ.”

ಲೋಕದಲ್ಲಿ ಒಂದೇ ಒಂದಿರುವ ಅಚ್ಚನ್ನು ಈ ಮನುಷ್ಯ ಯಾಕಿಷ್ಟು ಸಲೀಸಾಗಿ ಬಿಟ್ಟುಕೊಡುತ್ತಿದ್ದಾನೆ? ಚಿಗುಸಾಳ ಕಣ್ಣು ಕುರ್ಚಿಯ ಪಕ್ಕದ ತಟ್ಟೆಯ ಕಡೆ ಹೋಯಿತು. ಹಲ್ಲಿನ ಉಪಕರಣ ಜೋಡಿಸುವ ಉಕ್ಕಿನ ತಟ್ಟೆ. ಅದರ ತುಂಬ ಇನಾಬಿಕಾರಿಯ ತಲೆಗಳು, ಕಣ್ಣಿಲ್ಲದವು.

ಮಾರಿದ ಗೊಂಬೆಗೆ ಕಣ್ಣಿತ್ತು. ಅವಳು ಅದನ್ನು ತೆಗೆದು ಮುಖ ನೋಡಿದಳು. ಕಂಪನಿಯವರು ಕಣ್ಣಿನಾಕಾರ ಕೊರೆದ ತಗಡು ಇಟ್ಟು ಬಣ್ಣ ಸಿಂಪಡಿಸುತ್ತಾರೆ. ಇದನ್ನು ಕುಂಚದಲ್ಲಿ ಬರೆದಿದ್ದರು. ಕೆಳಗಿನಿಂದ ಮೇಲಕ್ಕೆಳೆದು ಕೊನೆಯಲ್ಲಿ ಚೂರು ಒಳಕ್ಕೆ ತಿರುಗಿಸಿದ ಗೆರೆ. ಅಳುವ ಮುಂಚೆ ತುಟಿ ಕಚ್ಚಿಕೊಂಡ ಹುಡುಗನ ಕಣ್ಣು.

“ನಿಮ್ಮ ಕೈ ನಡುಗುತ್ತೆ,” ಎಂದಳು. “ಕಣ್ಣು ಬರೆಯೋರು ಯಾರು?”

ಕುಮೆ ಗೋಡೆಯ ಗಡಿಯಾರ ನೋಡಿದರು. ಅವಳ ತೋಳು ಹಿಡಿದು ಮುಂಬಾಗಿಲ ಕಡೆ ನೂಕಲು ಹೋದರು.

“ಹೋಗಿ ನೀವು. ಈಗಲೇ ಹೋಗಿ ಅಂದೆ!”

ಆಗ ಹಿತ್ತಲ ಬಾಗಿಲು ಸರಿದ ಸದ್ದಾಯಿತು.

“ಡಾಕ್ಟ್ರೇ, ಇದೀರಾ? ಈ ಸಲ ಕಣ್ಣು ಬೇಗ ಒಣಗಿದವು. ಬಿಸಿಲಿತ್ತಲ್ಲ.”

ಪ್ರತಿ ಬೆಳಿಗ್ಗೆ, ಮಿಸೋ ಸಾರು ಆರಿಹೋಗ್ತಿದೆ ಏಳೇ ಎಂದು ಕರೆಯುವ ದನಿ. ಭಾನುವಾರ ಮಧ್ಯಾಹ್ನ ದೇವಸ್ಥಾನದಲ್ಲಿ ಬುದ್ಧನ ಸೂತ್ರ ಬರೆಯಲು ಹೋಗುತ್ತೇನೆ ಎಂದು ಹೇಳಿ ಹೊರಡುವ ಅಮ್ಮ.

ಅಮ್ಮ ಒಳಗೆ ಬಂದರು. ಎದೆಗವಚಿದ್ದ ಅಕ್ಕಿ ಹಪ್ಪಳದ ತಗಡಿನ ಡಬ್ಬಿಯಲ್ಲಿ ತಲೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಮಗಳನ್ನು ಕಂಡರು, ಅವಳ ಮುಂದಿನ ಅಚ್ಚನ್ನು ಕಂಡರು. ಓಡಲಿಲ್ಲ, ಅಳಲಿಲ್ಲ. ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟು ರೋಗಿಯ ಕುರ್ಚಿಯ ತುದಿಯಲ್ಲಿ ಕೂತರು.

“ಚೀ-ಚಾನ್,” ಎಂದು ಮುದ್ದು ಹೆಸರಲ್ಲಿ ಕರೆದರು. “ಊಟ ಮಾಡಿದೆಯಾ?”

“ಅಮ್ಮ, ಏನಮ್ಮ ಇದು?”

ಅಮ್ಮ ಕೈ ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಕಪ್ಪು ಬಣ್ಣವಿತ್ತು. ಚಿಗುಸಾ ಹುಟ್ಟುವ ಮೊದಲಿನಿಂದ ಕಾದೊಕುರಾರ ಗೊಂಬೆಗಳಿಗೆ ಮನೆಯಲ್ಲಿ ಕೂತು ಕಣ್ಣು ಬರೆದ ಕೈ. ಅವರ ಮನೆಯ ಬೀದಿಯ ಹೆಂಗಸರೆಲ್ಲ ಅದೇ ಕೆಲಸ ಮಾಡಿದವರು, ಒಬ್ಬೊಬ್ಬರಾಗಿ ಬಿಟ್ಟರು. ಅಮ್ಮನೂ ಬೆಂಕಿಯ ದಿನದಿಂದ ಕುಂಚ ಮುಟ್ಟಿಲ್ಲ ಎಂದೇ ಅವಳು ತಿಳಿದಿದ್ದಳು.

“ಅಚ್ಚು ಇಸಾಮುಗೆ ಕೊಡ್ತೀನಿ ಅಂತ ಮೇಷ್ಟ್ರು ಮಾತು ಕೊಟ್ಟಿದ್ರು. ಅವನ ವಯಸ್ಸೆಲ್ಲ ಅವರ ಎಣ್ಣೆ ಹೊಗೇಲೇ ಹೋಯ್ತು. ಕೊನೇಗೆ ಕಂಪನಿಯವರಿಗೆ ಕೊಡ್ತೀನಿ ಅಂದುಬಿಟ್ರು. ಇವನು ಸರಿ ಮೇಷ್ಟ್ರೇ ಅಂದು ತಲೆ ಬಗ್ಗಿಸಿ ಬಂದ. ನಂಗೆ ತಡೀಲಿಲ್ಲ.”

“ಆಮೇಲೆ?”

“ಬರೆದ ತಲೆ ಕೊಡೋಕೆ ಹೋಗಿದ್ದೆ. ಅಚ್ಚು ಮುಂದೇನೇ ಇತ್ತು. ಮೇಷ್ಟ್ರು ಒಳಗೆ ಮಲಗಿದ್ರು. ಗಂಟು ಕಟ್ಕೊಂಡೆ. ಭಾರ ಅಲ್ವಾ, ಓಡೋಕಾಗಲ್ಲ. ಎದ್ದು ಬಂದು ಹಿಡ್ಕೊಂಡ್ರೆ ಅಂತ...”

ಚಿಗುಸಾ ಮುಂದಿನದು ಕೇಳಿಸದಿರಲಿ ಎಂದು ಬೇಡಿಕೊಂಡಳು. ಯಾವ ದೇವರನ್ನು ಎಂದು ಅವಳಿಗೇ ತಿಳಿಯಲಿಲ್ಲ.

“ಹೊರಗಿಂದ ಚಿಲಕ ಹಾಕಿದೆ ಕಣೇ. ಬೀದಿ ತಿರುಗೋ ತನಕ ಅಂದ್ಕೊಂಡೆ, ಅಷ್ಟೇ. ಒಲೆ ಮೇಲೆ ಎಣ್ಣೆ ಕುದೀತಿತ್ತು. ಅದು ನನ್ನ ತಲೇಲೇ ಇರಲಿಲ್ಲ.”

ಕಾಯುವವರಿಲ್ಲದೆ ಕುದಿಯುವ ಎಣ್ಣೆ ಏನು ಮಾಡುತ್ತದೆ ಎಂಬುದನ್ನು ಚಿಗುಸಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಥ ಎಷ್ಟೋ ಬೆಂಕಿಗಳನ್ನು ಅವಳು ಕಂಡಿದ್ದಳು. ಈ ಬೆಂಕಿಯ ಹತ್ತಿರ ಮಾತ್ರ, ಆರೋಪಿಯ ಅಕ್ಕ ಎಂದು ಅವಳನ್ನು ಬಿಟ್ಟಿರಲಿಲ್ಲ.

“ಇಸಾಮುಗೆ ಗೊತ್ತಾ?”

“ಬೆಂಕಿ ಕಂಡು ಓಡಿ ಹೋಗಿ ಚಿಲಕ ತೆಗೆದೋನೇ ಅವನು. ಕಾದ ಕಬ್ಬಿಣ ಹಿಡಿದು ಅಂಗೈ ಸುಟ್ಕೊಂಡು ಮನೆಗೆ ಬಂದ. ಮೇಷ್ಟ್ರು ಹೋಗ್ಬಿಟ್ರು ಅಮ್ಮ ಅಂದ. ನಾನು ಎಲ್ಲ ಹೇಳಿದೆ.”

ಆ ಸುಟ್ಟ ಅಂಗೈಯನ್ನೇ ನ್ಯಾಯಾಲಯದಲ್ಲಿ ಎಲ್ಲರಿಗೂ ತೋರಿಸಿ, ಬೆಂಕಿಯಿಟ್ಟ ಕೈ ಇದೇ ಎಂದಿದ್ದರು. ಇಸಾಮು ಕೈ ಮಡಚಿಕೊಳ್ಳಲೂ ಇಲ್ಲ.

“ಠಾಣೆಗೆ ಹೊರಟೆ. ನನ್ನ ಕಾಲು ಕಟ್ಕೊಂಡು ಕೂತ,” ಎಂದರು ಅಮ್ಮ. “ನೀನು ಬಾಯಿ ಬಿಟ್ಟ ದಿನ ನಾನು ಈ ಭೂಮಿ ಮೇಲೆ ಇರಲ್ಲ ಅಂದ. ಅವನು ಅಂದ್ರೆ ಅಂದ ಹಾಗೇ, ನಿಂಗೆ ಗೊತ್ತಲ್ಲ. ನಾನು ಪುಕ್ಕಲಿ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಎಂಟು ವರ್ಷ ಆಗೋಯ್ತು.”

“ಹೇಳದೆ ಇದ್ದುಕೊಂಡು, ಇಲ್ಲಿ ಬಂದು ಕಣ್ಣು ಬರೀತೀಯಾ?”

“ಅಚ್ಚು ಇಸಾಮುದು. ಅವನು ಬರೋ ತನಕ ಕಿಲುಬು ಹಿಡೀಬಾರದು ಅಂತ ಗೊಂಬೆ ಹುಚ್ಚಿನ ಈ ಡಾಕ್ಟ್ರ ಕೈಲಿ ಎರೆಸ್ತಿದ್ದೆ. ಬೇರೆ ಏನು ಮಾಡ್ಲೇ ನಾನು?”

ಚಿಗುಸಾಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಮ್ಮನನ್ನು ಬಿಡಿಸಿದರೆ ಎಪ್ಪತ್ತೆಂಟರ ಅಮ್ಮ ಒಳಗೆ ಹೋಗುತ್ತಾರೆ, ಆ ಸುದ್ದಿ ಕೇಳಿದ ತಮ್ಮ ಹೊರಗೆ ಬರುವವರೆಗೆ ಬದುಕಿರುವುದಿಲ್ಲ. ಸುಮ್ಮನಿದ್ದರೆ ಅವನು ಅಲ್ಲೇ ಮುದುಕನಾಗುತ್ತಾನೆ. ಯಾವ ಕಡೆ ತಿರುಗಿದರೂ ಅವಳ ಕೈಯಿಂದಲೇ ಒಬ್ಬರು ಹೋಗಬೇಕು. ಇದನ್ನು ಹುಡುಕಿಕೊಂಡು ಊರೂರು ಅಲೆದವಳೂ ತಾನೇ ಆಗಿದ್ದಳು.

ಅವಳ ಫೋನು ಮೇಜಿನ ಮೇಲೆ, ತಾಮ್ರದ ತುಂಡುಗಳ ನಡುವೆ ಇತ್ತು. ಅದು ಗುರುಗುಟ್ಟತೊಡಗಿತು. ಪರದೆಯ ಮೇಲೆ ವಕೀಲ ಸೆಗಾವಾರ ಹೆಸರು. ಸಾಕ್ಷ್ಯ ಸಿಕ್ಕಿತೋ ಇಲ್ಲವೋ ಎಂದು ಇವತ್ತೇ ಕೇಳುತ್ತೇನೆ ಎಂದಿದ್ದರು.

“ಎತ್ತಬೇಡಿ,” ಎಂದರು ಕುಮೆ. “ಯೋಚನೆ ಮಾಡಿ, ಆಮೇಲೆ ಎತ್ತಿ.”

ಚಿಗುಸಾ ಕೈ ಮುಂದೆ ಮಾಡಿದಳು. ಸಿಕ್ಕಲಿಲ್ಲ ಎನ್ನಬೇಕು, ಗೊಂಬೆಯ ಅಳತೆ ಹೊಂದಲಿಲ್ಲ ಎನ್ನಬೇಕು. ನಾಲಿಗೆಯ ತುದಿಯಲ್ಲಿ ಸುಳ್ಳು ಸಿದ್ಧವಾಗಿತ್ತು.

ಅಷ್ಟರಲ್ಲಿ ಬಣ್ಣ ಮೆತ್ತಿದ ಬೆರಳುಗಳು ಅವಳ ಕೈಯನ್ನು ಪಕ್ಕಕ್ಕೆ ಸರಿಸಿ ಫೋನನ್ನು ಎತ್ತಿಕೊಂಡವು.

“ಅಮ್ಮ, ಬೇಡ! ಅಮ್ಮ, ಅವನು ಸಾಯ್ತಾನೆ!”

“ಹಲೋ, ಸೆಗಾವಾ ಅವರಾ?” ಎಂದರು ಅಮ್ಮ, ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು. “ನಾನು ಇಸಾಮು ತಾಯಿ ಮಾತಾಡ್ತಿರೋದು.”